ಪರದೆಯ ಮೇಲೆ ಒಂದು ಹೆಸರು

ಮದ್ರಸದ ಉಸ್ತಾದರಿಗೂ ಥ್ರಿಲ್ಲರ್ ಸಿನೆಮಾಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಸಂಬಂಧ ಬಂದದ್ದು ಅಕ್ಷರದ ದಾರಿಯಲ್ಲಿ.

ಕರಾವಳಿ ಬಿಟ್ಟು ಕಲಬುರಗಿ ಜಿಲ್ಲೆಯ ಶಹಾಬಾದಿಗೆ ಬಂದು ಕೆಲವು ವರ್ಷಗಳಾದವು. ಮಕ್ಕಳಿಗೆ ಅರಬಿ, ಉರ್ದು ಅಕ್ಷರ ತಿದ್ದಿಸುವುದು ನನ್ನ ಕೆಲಸ. ಹೋದ ಬೇಸಿಗೆಯಲ್ಲಿ ಒಂದು ದಿನ ಅಸರ್ ನಮಾಝ್ ಮುಗಿಸಿ ಹೊರಗೆ ಬರುವಾಗ ನಾಲ್ಕು ಮಂದಿ ಹುಡುಗರು ಗೇಟಿನ ಹತ್ತಿರ ನಿಂತಿದ್ದರು. ಒಬ್ಬ ಸೇಡಂನವ, ಒಬ್ಬ ಚಿತ್ತಾಪುರದವ, ಒಬ್ಬ ವಾಡಿಯವ, ಇನ್ನೊಬ್ಬ ಚಿಂಚೋಳಿಯವ. ಕಾಲೇಜಿನಲ್ಲಿ ಜೊತೆಯಾದವರು. ಮೊಬೈಲಿನಲ್ಲೇ ಹದಿನಾಲ್ಕು ನಿಮಿಷದ ಒಂದು ಕಿರುಚಿತ್ರ ತೆಗೆದಿದ್ದರು.

"ಹಜ್ರತ್, ಟೈಟಲ್ ಉರ್ದುದಾಗೂ ಬೇಕಾಗ್ಯಾದ್ರಿ. ಕಂಪ್ಯೂಟರ್‌ದಾಗ ಹೊಡದ್ರ ಅಕ್ಷರ ಎಲ್ಲಾ ಬಿಡಿಬಿಡಿ ಬರ್ಲಿಕತ್ತಾವ. ನೀವು ಕೈಲೆ ಬರ್ದು ಕೊಡ್ರಿ," ಎಂದ ವಾಡಿಯ ಹುಡುಗ.

ಚಿತ್ರದ ಹೆಸರು 'ಪತ್ತೆ'. ಪಾರ್ಸೆಲ್ ಕೊಡುವ ಹುಡುಗನೊಬ್ಬ ರಾತ್ರಿ ವಾಡಿ ಸ್ಟೇಶನ್ನಿನಿಂದ ಹೊರಟು ಒಂದು ವಿಳಾಸ ಹುಡುಕುತ್ತಾನೆ. ಕೇಳಿದವರೆಲ್ಲ ಮುಂದೆ ಮುಂದೆ ಎನ್ನುತ್ತಾರೆ. ಕೊನೆಗೆ ಆ ವಿಳಾಸ ಇರುವುದು ನೀರು ತುಂಬಿದ ಹಳೆಯ ಕಲ್ಲಿನ ಖಣಿಯಲ್ಲಿ. ಪಾರ್ಸೆಲಿನ ಮೇಲಿದ್ದ ಹೆಸರು ಅವನದ್ದೇ. ಕತೆ ಚೆನ್ನಾಗಿದೆ ಅನ್ನಿಸಿತು. ಉರ್ದುವಿನಲ್ಲಿ 'ಪತಾ' ಎಂದರೆ ವಿಳಾಸವೂ ಹೌದು, ಸುಳಿವೂ ಹೌದು. ಕನ್ನಡದ ಪತ್ತೆಯೂ ಅದರ ನೆಂಟನೇ. ಎರಡು ಲಿಪಿಯಲ್ಲಿ ಒಂದೇ ಹೆಸರು ಕೂರುತ್ತದೆ.

ಆದರೆ ಅವರು ಮಾಡಿಕೊಂಡಿದ್ದ ಟೈಟಲ್ ನೋಡಿ ನಗು ಬಂತು. ಕಪ್ಪು ಪರದೆ, ಕೆಂಪು ಅಕ್ಷರ, ಅಕ್ಷರದಿಂದ ತೊಟ್ಟಿಕ್ಕುವ ರಕ್ತ, ಮೇಲೆ ಗುಡುಗಿನ ಸದ್ದು. ಒಬ್ಬೊಬ್ಬರ ಹೆಸರೂ ಎಡದಿಂದ ಹಾರಿ ಬಂದು ಬಲಕ್ಕೆ ಹಾರಿ ಹೋಗುತ್ತಿತ್ತು. ಹದಿನಾಲ್ಕು ನಿಮಿಷದ ಚಿತ್ರಕ್ಕೆ ಐವತ್ತು ಸೆಕೆಂಡಿನ ಟೈಟಲ್! ಅದಕ್ಕಿಂತ ಹೆಚ್ಚಾಗಿ, ತಕಾರದ ಒತ್ತು ಕಿತ್ತು ಪಕ್ಕಕ್ಕೆ ಬಿದ್ದು 'ಪತ್‌ತೆ' ಎಂದಾಗಿತ್ತು.

"ನಿಮ್ಮ ಕತೆಯಲ್ಲಿ ರಕ್ತ ಎಲ್ಲಿದೆ?" ಕೇಳಿದೆ.

"ಇಲ್ರಿ."

"ಮತ್ತೆ ಟೈಟಲಿನಲ್ಲಿ ಯಾಕೆ?"

"ಥ್ರಿಲ್ಲರ್ ಅದಲ್ರಿ ಹಜ್ರತ್!"

ಅವರು ಹೊರಡುವಾಗ ಗಮನಿಸಿದೆ, ರಸ್ತೆಯಾಚೆ ಒಂದು ಗೂಡ್ಸ್ ಆಟೋ ನಿಂತಿತ್ತು. ಅದರಲ್ಲಿ ಕೂತಿದ್ದವ ಶಹಾಬಾದಿನವನೇ, ಅವರಷ್ಟೇ ಪ್ರಾಯದ ಹುಡುಗ. ಇಡೀ ಶೂಟಿಂಗಿಗೆ ಸಾಮಾನು ಹೊತ್ತು ತಂದವ, ನಾಲ್ಕು ರಾತ್ರಿ ಖಣಿಯ ಅಂಚಿನಲ್ಲಿ ನಿಂತು ಲೈಟ್ ಹಿಡಿದವ ಇವನೇ ಎಂದು ಮಾತಿನ ನಡುವೆ ಗೊತ್ತಾಯಿತು. ಟೈಟಲಿನಲ್ಲಿ ನಾನು ನೋಡಿದ್ದು ನಾಲ್ಕು ಹೆಸರು. ಐದನೆಯದು ಯಾಕಿಲ್ಲ ಎಂದು ಕೇಳಿದರೆ, "ಅಂವ ಆರ್ಟಿಸ್ಟ್ ಅಲ್ರಿ" ಅಂದರು. ಆಟೋದವ ಏನೂ ಹೇಳಲಿಲ್ಲ. ಗಾಡಿ ಸ್ಟಾರ್ಟ್ ಮಾಡಿದ.

ಉರ್ದು ಬರೆದು ಕೊಡುತ್ತೇನೆ, ಆದರೆ ಟೈಟಲ್ ಪೂರ್ತಿ ಹೊಸದಾಗಿ ಮಾಡಬೇಕು, ಹೆಸರಿನ ಪಟ್ಟಿಯನ್ನೂ ಎಂದೆ. ಆಮೇಲಿನ ಮೂರು ವಾರ ಅವರ ಜೊತೆ ಕೂತು ನಾನೂ ಕಲಿತೆ. ನಮ್ಮ ಕರಾವಳಿಯಲ್ಲೂ ಬ್ಯಾರಿ ಭಾಷೆಯಲ್ಲಿ ಕಿರುಚಿತ್ರ ಮಾಡುವ ಮಕ್ಕಳಿದ್ದಾರೆ. ಅವರಿಗೆ ಉಪಯೋಗವಾದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಹಿಚ್‌ಕಾಕ್ ಶುರು ಮಾಡಿದ್ದೂ ಇಲ್ಲಿಂದಲೇ

ಥ್ರಿಲ್ಲರ್ ಎಂದರೆ ಜಗತ್ತೆಲ್ಲ ಹೇಳುವ ಹೆಸರು ಆಲ್ಫ್ರೆಡ್ ಹಿಚ್‌ಕಾಕ್. ಅವರಿಗೆ ಸಿನೆಮಾದಲ್ಲಿ ಸಿಕ್ಕಿದ ಮೊದಲ ಕೆಲಸ ಯಾವುದು ಗೊತ್ತೇ? 1920ರ ಸುಮಾರಿಗೆ ಲಂಡನ್ನಿನ ಇಸ್ಲಿಂಗ್ಟನ್ ಸ್ಟುಡಿಯೋದಲ್ಲಿ ಮೂಕಿ ಚಿತ್ರಗಳಿಗೆ ಟೈಟಲ್ ಕಾರ್ಡ್ ಬರೆಯುವುದು. ಮಾತಿಲ್ಲದ ಚಿತ್ರದಲ್ಲಿ ನಡುನಡುವೆ ಬರುವ ಬರಹದ ಫಲಕಗಳನ್ನು ವಿನ್ಯಾಸ ಮಾಡುತ್ತಿದ್ದರು. ಅಕ್ಷರದಿಂದ ಶುರು ಮಾಡಿದವರು ನಿರ್ದೇಶಕರಾದರು.

ಒಂದು ಕಾಲಕ್ಕೆ ಟೈಟಲ್ ಎಂದರೆ ಜನ ಸೀಟು ಹುಡುಕುವ, ಕಡಲೆಕಾಯಿ ಕೊಳ್ಳುವ ಹೊತ್ತು. ಕೆಲವು ಥಿಯೇಟರುಗಳಲ್ಲಿ ಹೆಸರು ಮುಗಿಯುವವರೆಗೆ ಪರದೆಯ ಮುಂದಿನ ಬಟ್ಟೆಯನ್ನೂ ಸರಿಸುತ್ತಿರಲಿಲ್ಲ. ಇದನ್ನು ಬದಲಿಸಿದವರಲ್ಲಿ ಮುಖ್ಯ ಹೆಸರು ಅಮೆರಿಕದ ಸಾಲ್ ಬಾಸ್. 1955ರ 'ದ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್' ಮಾದಕ ವ್ಯಸನಿಯ ಕತೆ. ಬಾಸ್ ಅದಕ್ಕೆ ಕಾಗದ ಕತ್ತರಿಸಿದಂತಿರುವ ಒಂದು ಸೊಟ್ಟ ಕೈಯನ್ನು ಮಾಡಿದರು. ಟೈಟಲ್ ಶುರುವಾಗುವ ಮೊದಲೇ ಬಟ್ಟೆ ಸರಿಸಬೇಕು ಎಂದು ಪ್ರೊಜೆಕ್ಟರ್ ಆಪರೇಟರಿಗೆ ಸೂಚನೆ ಬರೆದು ರೀಲಿನ ಡಬ್ಬಿಗಳ ಜೊತೆ ಕಳಿಸಿದ್ದರಂತೆ. 1960ರ 'ಸೈಕೋ'ಗೆ ಅವರು ಮಾಡಿದ್ದು ಬರೀ ಗೆರೆಗಳು. ಗೆರೆಗಳು ಓಡಿ ಬಂದು ಹೆಸರನ್ನು ಜೋಡಿಸುತ್ತವೆ, ಮತ್ತೆ ಸೀಳುತ್ತವೆ. ಬರ್ನಾರ್ಡ್ ಹರ್ಮನ್ನರ ಪಿಟೀಲುಗಳು ಹಿಂದೆ. ಒಂದು ತೊಟ್ಟು ರಕ್ತ ಇಲ್ಲ, ಆದರೂ ನೋಡುವವನಿಗೆ ಏನೋ ಆಗಲಿದೆ ಎಂದು ಗೊತ್ತಾಗುತ್ತದೆ.

1995ರಲ್ಲಿ 'ಸೆವೆನ್' ಚಿತ್ರಕ್ಕೆ ಕೈಲ್ ಕೂಪರ್ ಮಾಡಿದ ಟೈಟಲ್ ಇನ್ನೊಂದು ಪಾಠ. ಕೊಲೆಗಾರನ ನೋಟುಪುಸ್ತಕ, ಹೊಲಿಯುವ ಸೂಜಿ, ಕೆರೆದು ಬರೆದಂತಿರುವ ಹೆಸರುಗಳು. ಆ ಮನುಷ್ಯ ತೆರೆಯ ಮೇಲೆ ಬರುವುದು ತುಂಬಾ ತಡವಾಗಿ. ಅವನ ಕೈಕೆಲಸ ಮಾತ್ರ ಟೈಟಲಿನಲ್ಲೇ ಬಂದು ಹೋಗಿರುತ್ತದೆ. ಚಿತ್ರದ ಕೊನೆಯ ಹೆಸರುಗಳು ಕೆಳಗಿನಿಂದ ಮೇಲೆ ಹೋಗುವ ಬದಲು ಮೇಲಿನಿಂದ ಕೆಳಗೆ ಇಳಿಯುತ್ತವೆ.

ನಮ್ಮಲ್ಲೂ ಉದಾಹರಣೆ ಇದೆ. ಸತ್ಯಜಿತ್ ರಾಯ್ ತಮ್ಮ ಚಿತ್ರಗಳ ಟೈಟಲ್ ಅಕ್ಷರ ತಾವೇ ಬರೆಯುತ್ತಿದ್ದರು. ಅವರ ಹೆಸರಿನ ಇಂಗ್ಲಿಷ್ ಅಕ್ಷರಮಾದರಿಯೂ ಇದೆ. ಕನ್ನಡದಲ್ಲಿ ಕಾಶಿನಾಥರ 'ಅಪರಿಚಿತ' (1978), ಸುನೀಲ್ ಕುಮಾರ್ ದೇಸಾಯಿಯವರ ಹಾಡಿಲ್ಲದ 'ತರ್ಕ' (1989) ಥ್ರಿಲ್ಲರಿಗೆ ದಾರಿ ಹಾಕಿದವು. ಉಪೇಂದ್ರರ 1993ರ ಚಿತ್ರದ ಹೆಸರು ಬರೀ 'ಶ್'. 2010ರ 'ಸೂಪರ್' ಚಿತ್ರಕ್ಕೆ ಅಕ್ಷರವೇ ಇಲ್ಲ, ಕೈಬೆರಳಿನ ಒಂದು ಸನ್ನೆ. ಹೆಸರು ಹೇಗೆ ಕಾಣಬೇಕು ಎಂದು ಯೋಚಿಸಿದವರು ಇವರೆಲ್ಲ.

ಎರಡು ಸಾವಿರ ವರ್ಷದ ಟೈಟಲ್ ಕಾರ್ಡ್

ಹುಡುಗರಿಗೆ ಇದೆಲ್ಲ ಹೇಳಿದರೆ, "ಅವ್ರು ಅಮೇರಿಕಾದವ್ರು ರಿ, ನಮ್ಮಲ್ಲಿ ಏನದ?" ಅಂದರು. ಚಿತ್ತಾಪುರದ ಹುಡುಗನಿಗೇ ಕೇಳಿದೆ, ನಿನ್ನ ತಾಲ್ಲೂಕಿನಲ್ಲಿ ಸನ್ನತಿ ನೋಡಿದ್ದೀಯಾ? ಚಂದ್ರಲಾಂಬಾ ಗುಡಿಗೆ ಹೋಗಿದ್ದನಂತೆ, ಪಕ್ಕದ ಕನಗನಹಳ್ಳಿ ನೋಡಿರಲಿಲ್ಲ. ಒಂದು ಭಾನುವಾರ ಎಲ್ಲರೂ ಅದೇ ಗೂಡ್ಸ್ ಆಟೋದಲ್ಲಿ ಹೋದೆವು.

ಭೀಮಾ ನದಿಯ ದಡದ ಸನ್ನತಿಯಲ್ಲಿ 1986ರಲ್ಲಿ ಒಂದು ಗುಡಿಯ ಮಾಡು ಕುಸಿದಾಗ ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. 1990ರ ದಶಕದಲ್ಲಿ ಹತ್ತಿರದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡದೊಂದು ಬೌದ್ಧ ಸ್ತೂಪವೇ ಬಂತು. ಅದರ ಕಲ್ಲುಚಪ್ಪಡಿಯೊಂದರಲ್ಲಿ ರಾಜ, ರಾಣಿ, ಸೇವಕರು ಇದ್ದಾರೆ. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ಎರಡೇ ಪದ: 'ರಾಯೋ ಅಸೋಕೋ'. ರಾಜ ಅಶೋಕ ಎಂದು.

ಆ ಎರಡು ಪದ ಇಲ್ಲದಿದ್ದರೆ ಅದು ಯಾವುದೋ ಒಬ್ಬ ರಾಜನ ಚಿತ್ರ. ಹೆಸರು ಇರುವುದರಿಂದ ಅದು ಅಶೋಕನ ಚಿತ್ರ. ಅಶೋಕನ ಶಾಸನಗಳಲ್ಲಿ ಹೆಚ್ಚಿನವು ಅವನನ್ನು 'ದೇವಾನಾಂಪ್ರಿಯ' ಎಂದಷ್ಟೇ ಕರೆಯುತ್ತವೆ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಹೆಸರಿರುವ ಶಾಸನ ಸಿಕ್ಕಿದ ಮೇಲೆಯೇ ಆ ದೇವಾನಾಂಪ್ರಿಯ ಅಶೋಕನೇ ಎಂಬುದು ಗಟ್ಟಿಯಾದದ್ದು. ಇದಕ್ಕಿಂತ ದೊಡ್ಡ ಪತ್ತೇದಾರಿ ಕತೆ ಬೇಕೇ?

ಕನಗನಹಳ್ಳಿಯ ಕಲ್ಲುಗಳಲ್ಲಿ ಇನ್ನೊಂದು ಸಂಗತಿ ಇದೆ. ರಾಜರದ್ದಷ್ಟೇ ಅಲ್ಲ, ಸ್ತೂಪಕ್ಕೆ ಕಲ್ಲು ಕೊಡಿಸಿದ ಸಾಮಾನ್ಯರ ಹೆಸರುಗಳನ್ನೂ ಅಲ್ಲಿ ಕೊರೆದಿದ್ದಾರೆ. ಯಾರ ದಾನ, ಯಾವ ಊರಿನವ, ಯಾರ ಮಗ ಅಂತ. ಇದನ್ನು ಕೇಳಿದ ಸೇಡಂ ಹುಡುಗ, "ಹಂಗಾದ್ರ ಇದು ಎಂಡ್ ಕ್ರೆಡಿಟ್ಸ್ ಆಯ್ತಲ್ರಿ" ಎಂದ. ನಾನು ಹೌದು ಎಂದೆ. 2013ರ 'ಲೂಸಿಯಾ' ಕನ್ನಡ ಚಿತ್ರಕ್ಕೆ ನೂರಕ್ಕೂ ಹೆಚ್ಚು ಮಂದಿ ಸೇರಿ ಹಣ ಹಾಕಿದರು, ಪ್ರೇಕ್ಷಕರೇ ನಿರ್ಮಾಪಕರು ಎಂದು ಸಂಸ್ಥೆಗೆ 'ಆಡಿಯನ್ಸ್ ಫಿಲ್ಮ್ಸ್' ಎಂದೇ ಹೆಸರಿಟ್ಟರು. ಕನಗನಹಳ್ಳಿಯವರು ಅದನ್ನು ಸುಮಾರು ಎರಡು ಸಾವಿರ ವರ್ಷ ಮೊದಲೇ ಮಾಡಿದ್ದರು.

ಆಟೋದ ಹುಡುಗ ಆ ದಿನ ಒಂದು ಕಲ್ಲಿನ ಎದುರು ತುಂಬ ಹೊತ್ತು ನಿಂತಿದ್ದ. ಬ್ರಾಹ್ಮಿ ಅವನಿಗೆ ಓದಲು ಬರುವುದಿಲ್ಲ, ನನಗೂ ಬರುವುದಿಲ್ಲ.

ಕಲ್ಲಿನ ಮೇಲೆ ನೀರಿನ ಅಕ್ಷರ

ಟೈಟಲಿಗೆ ಬೇಕಾದ ವಸ್ತು ಕತೆಯ ಒಳಗಿನಿಂದಲೇ ಬರಬೇಕು. ಇದು ನಾವು ಕಲಿತ ಮೊದಲ ಪಾಠ. 'ಪತ್ತೆ'ಯಲ್ಲಿ ಇರುವುದು ಕಲ್ಲು ಮತ್ತು ನೀರು. ಶಹಾಬಾದಿನಲ್ಲಿ ಕಲ್ಲಿಗೆ ಬರವೇ? ಇಲ್ಲಿನ ಸುಣ್ಣಕಲ್ಲಿನ ಚಪ್ಪಡಿ ನಮ್ಮ ಮಂಗಳೂರು ಕಡೆಯ ಎಷ್ಟೋ ಹಳೆಯ ಮನೆಗಳ ನೆಲದಲ್ಲೂ ಇದೆ. ಇಲ್ಲಿಯವರು ಪರ್ಸಿ ಎನ್ನುತ್ತಾರೆ. ಒಣಗಿದರೆ ಬೂದು ಬಣ್ಣ, ನೀರು ಬಿದ್ದರೆ ಕಡು ನೀಲಿಗಪ್ಪು.

ಉಪಾಯ ಕೊಟ್ಟವ ಆಟೋದ ಹುಡುಗ. ಅವನ ತಂದೆ ಕಲ್ಲಿನ ಕೆಲಸದವರು. ಕಲ್ಲು ಕತ್ತರಿಸುವ ಮೊದಲು ಅಳತೆಗೆ ಕೆಲವೊಮ್ಮೆ ಒದ್ದೆ ಬೆರಳಿನಲ್ಲಿ ಗೆರೆ ಹಾಕುತ್ತಾರಂತೆ. "ಬಿಸಿಲಾಗ ನೋಡ್ಲಿಕತ್ತಿದಂಗನೇ ಆರಿ ಹೋಗ್ತದ್ರಿ" ಎಂದ. ಅಷ್ಟು ಸಾಕಾಯಿತು.

ಮಾಡಿದ್ದು ಹೀಗೆ. ಪಾಲಿಶ್ ಮಾಡದ ಒಂದು ಪರ್ಸಿ ಕಲ್ಲನ್ನು ಬಿಸಿಲಲ್ಲಿ ಕಾಯಿಸಿದೆವು. ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ನೇರ ಕೆಳಗೆ ನೋಡುವಂತೆ ಇಟ್ಟೆವು. ಅದರ ನೆರಳು ಕಲ್ಲಿನ ಮೇಲೆ ಬೀಳಬಾರದು. ಫೋಕಸ್ ಮತ್ತು ಬೆಳಕು ಎರಡನ್ನೂ ಲಾಕ್ ಮಾಡಬೇಕು, ಇಲ್ಲವಾದರೆ ಮೋಡ ಬಂದಾಗ ಮೊಬೈಲು ತಾನೇ ಬೆಳಕು ಹೆಚ್ಚು ಕಡಿಮೆ ಮಾಡುತ್ತದೆ. ಚಪ್ಪಟೆ ಬ್ರಷ್‌ನಲ್ಲಿ ನೀರು ಅದ್ದಿ ಮೇಲೆ ಕನ್ನಡದಲ್ಲಿ 'ಪತ್ತೆ', ಕೆಳಗೆ ಉರ್ದುವಿನಲ್ಲಿ 'ಪತಾ' ಬರೆದೆ. ಕೈ ತೆಗೆದ ಮೇಲೆ ಅಕ್ಷರ ಪೂರ್ತಿ ಆರುವವರೆಗೆ ರೆಕಾರ್ಡಿಂಗ್.

ಆಮೇಲೆ ಆ ದೃಶ್ಯವನ್ನು ತಿರುಗಿಸಿ, ಹಿಂದಿನಿಂದ ಮುಂದಕ್ಕೆ ಓಡಿಸಿದರು. ಖಾಲಿ ಕಲ್ಲು. ಎಲ್ಲಿಂದಲೋ ಒಂದು ಕಪ್ಪು ಕಲೆ. ಕಲೆ ಬೆಳೆದು ಅಕ್ಷರವಾಗುತ್ತದೆ. ಒಂದು ನಿಮಿಷದ್ದನ್ನು ಹತ್ತು ಪಟ್ಟು ವೇಗ ಮಾಡಿದರೆ ಆರು ಸೆಕೆಂಡು. ಸೆಕೆಂಡಿಗೆ 25 ಚಿತ್ರದ ಲೆಕ್ಕದಲ್ಲಿ 150 ಚಿತ್ರ. ಟೈಟಲಿಗೆ ಅಷ್ಟು ಧಾರಾಳ.

ಇಲ್ಲಿ ನಮಗೆ ಒಂದು ಲಾಭ ಸಿಕ್ಕಿತು. ತೆಳು ಗೆರೆ ಬೇಗ ಆರುತ್ತದೆ, ದಪ್ಪ ಗೆರೆ ತಡವಾಗಿ. ಒತ್ತಕ್ಷರವನ್ನು ಬೇಕೆಂದೇ ತೆಳುವಾಗಿ ಬರೆದೆ. ತಿರುಗಿಸಿದಾಗ ಅದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ: ಮೊದಲು 'ಪತೆ', ಅರ್ಥವಿಲ್ಲದ್ದು, ಆಮೇಲೆ ಒತ್ತು ಮೂಡಿ 'ಪತ್ತೆ'. ಉರ್ದುವಿನಲ್ಲಿ ಇನ್ನೂ ಚೆಂದ. ಪೇ, ತೇ ಎರಡಕ್ಕೂ ಪದದೊಳಗೆ ಒಂದೇ ಹಲ್ಲಿನ ಆಕಾರ. ಬೇರೆ ಮಾಡುವುದು ಚುಕ್ಕೆ ಮಾತ್ರ; ಪೇಗೆ ಕೆಳಗೆ ಮೂರು, ತೇಗೆ ಮೇಲೆ ಎರಡು. ಚುಕ್ಕೆಗಳನ್ನು ಕಡಿಮೆ ನೀರಿನಲ್ಲಿ ಇಟ್ಟೆ. ಅವು ಬರುವವರೆಗೆ ಉರ್ದು ಬಲ್ಲವನಿಗೂ ಅದು ಏನು ಪದವೆಂದು ಓದಲಾಗುವುದಿಲ್ಲ. ಐದು ಚುಕ್ಕೆ ಮೂಡಿದಾಗ ಪತ್ತೆಯಾಗುತ್ತದೆ.

ಗುಡುಗನ್ನು ತೆಗೆದುಹಾಕಿದರು. ಅದರ ಬದಲು ಖಣಿಯ ಉಳಿ ಸುತ್ತಿಗೆಯ ಟಕ್ ಟಕ್. ಕೊನೆಯ ಚುಕ್ಕೆ ಬಂದೊಡನೆ ಸದ್ದು ನಿಲ್ಲುತ್ತದೆ. ಮೊದಲ ಸಲ ಹಾಕಿ ನೋಡಿದಾಗ ವಾಡಿಯ ಹುಡುಗ, "ಹಜ್ರತ್, ರಕ್ತದ್ದಕ್ಕಿಂತ ಇದು ಹೆದರಿಕಿ ಬರ್ತದ್ರಿ" ಎಂದ.

ಅಕ್ಷರ ಯಾಕೆ ಕೆಡುತ್ತದೆ?

ಹೆಸರುಗಳನ್ನು ಮಾತ್ರ ಕಂಪ್ಯೂಟರಿನಲ್ಲೇ ಹಾಕಿದರು. ಒತ್ತಕ್ಷರ ಕಿತ್ತುಹೋಗುವ ರೋಗ ನಮ್ಮ ಹುಡುಗರಿಗೆಲ್ಲ ಗೊತ್ತಿರುವುದೇ. ಕಾರಣ ಎರಡು. ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್ ಅಕ್ಷರಕ್ಕೆ ಹಾಕಿದರೆ ಗೀಚಿದಂತೆ ಬರುತ್ತದೆ. ಮೊದಲು ಪರಿವರ್ತನೆ ಮಾಡಬೇಕು. ಯೂನಿಕೋಡ್ ಇದ್ದೂ ಕೆಟ್ಟರೆ ತಪ್ಪು ಎಡಿಟಿಂಗ್ ತಂತ್ರಾಂಶದ್ದು. ಅಡೋಬಿಯ ಪ್ರೀಮಿಯರ್ ಮತ್ತು ಆಫ್ಟರ್ ಇಫೆಕ್ಟ್ಸ್‌ನ ಹೊಸ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್ ಒಳಗೆ 'ಸೌತ್ ಏಷ್ಯನ್ ಆಂಡ್ ಮಿಡಲ್ ಈಸ್ಟರ್ನ್' ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಕನ್ನಡದ ಒತ್ತೂ ಸರಿಯಾಗುತ್ತದೆ, ಬಲದಿಂದ ಎಡಕ್ಕೆ ಓಡುವ ಉರ್ದು, ಅರಬಿಯೂ ಕೂಡಿಕೊಂಡು ಬರುತ್ತದೆ. ಯಾವುದೂ ಆಗದಿದ್ದರೆ ಬೇರೆ ಕಡೆ ಬರೆದು, ಹಿನ್ನೆಲೆ ಇಲ್ಲದ ಚಿತ್ರವಾಗಿ ತಂದು ಅಂಟಿಸಿದರಾಯಿತು.

ಅಕ್ಷರಮಾದರಿಗೆ ದುಡ್ಡು ಕೊಡಬೇಕಾಗಿಲ್ಲ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಮುಕ್ತ ಪರವಾನಗಿಯವು. ಚಿತ್ರ ನೋಡುವುದು ಹೆಚ್ಚಾಗಿ ಮೊಬೈಲಿನಲ್ಲಿ. ಹಾಗಾಗಿ ತೆಳು ಗೆರೆಯ ಚೆಂದದ ಅಕ್ಷರಕ್ಕಿಂತ ಸಾದಾ ಅಕ್ಷರ ಒಳ್ಳೆಯದು. ಒತ್ತು, ಕೊಂಬುಗಳು ಕೆಳಗೆ ಇಳಿಯುವುದರಿಂದ ಕನ್ನಡಕ್ಕೆ ಸಾಲಿನ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ಅಂಚಿಗೆ ತಾಗಿಸಿ ಬರೆಯಬಾರದು, ಸುತ್ತ ಹತ್ತರಲ್ಲಿ ಒಂದು ಪಾಲು ಖಾಲಿ ಇರಲಿ.

ಉರ್ದುವಿಗೆ ಕುರ್‌ಆನಿನಲ್ಲಿ ನಾವು ನೋಡುವ ನಸ್ಖ್ ಶೈಲಿಗಿಂತ ನಸ್ತಾಲಿಕ್ ಒಗ್ಗುತ್ತದೆ. ಅದು ಮೇಲಿನ ಬಲದಿಂದ ಕೆಳಗಿನ ಎಡಕ್ಕೆ ಜಾರುವ ಅಕ್ಷರ, ಎತ್ತರದ ಜಾಗ ಬೇಡುತ್ತದೆ. 1981ರಲ್ಲಿ ನೂರಿ ನಸ್ತಾಲಿಕ್ ಬರುವವರೆಗೆ ಉರ್ದು ಪತ್ರಿಕೆಗಳನ್ನು ಕಾತಿಬರು ಪುಟಪುಟವೂ ಕೈಯಲ್ಲೇ ಬರೆಯುತ್ತಿದ್ದರು. ಹಳೆಯ ಹಿಂದಿ ಚಿತ್ರಗಳ ಟೈಟಲಿನಲ್ಲಿ ಇಂಗ್ಲಿಷ್, ಹಿಂದಿ, ಉರ್ದು ಮೂರರಲ್ಲೂ ಹೆಸರು ಬರುತ್ತಿದ್ದುದು ನಿಮಗೆ ನೆನಪಿರಬಹುದು. ಯಾವ ಲಿಪಿ ಓದುವವನೂ ಹೊರಗೆ ಉಳಿಯಬಾರದು ಎಂಬ ಲೆಕ್ಕ ಅದು. ನಮ್ಮ ಬ್ಯಾರಿಯನ್ನು ನಾವು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಬರೆಯುತ್ತೇವೆ. ಸುವೀರನ್ ನಿರ್ದೇಶನದ 'ಬ್ಯಾರಿ' ಚಿತ್ರ 2011ನೇ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಮರಾಠಿಯ 'ದೇವೂಳ್' ಜೊತೆ ಸ್ವರ್ಣಕಮಲ ಹಂಚಿಕೊಂಡಾಗ ನಮ್ಮ ಭಾಷೆಯ ಹೆಸರೇ ಒಂದು ಚಿತ್ರದ ಟೈಟಲಾಗಿ ದೇಶವೆಲ್ಲ ಓದಿತು.

ಹೆಸರು ತಪ್ಪಿದರೆ

ನನ್ನ ಪಿಯುಸಿ ದಾಖಲೆಯೊಂದರಲ್ಲಿ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಅದನ್ನು ಸರಿಮಾಡಿಸಲು ಒಂದು ಕಚೇರಿಗೆ ಎಷ್ಟು ಸಲ ಬಸ್ಸು ಹತ್ತಿದೆ ಎಂದು ಈಗ ಲೆಕ್ಕವಿಲ್ಲ. ಹಾಗಾಗಿ ಹುಡುಗರ ಪಟ್ಟಿಯಲ್ಲಿ ಅರ್ಧಕ್ಕರ್ಧ ಹೆಸರು ಅಡ್ಡಾದಿಡ್ಡಿ ಇದ್ದುದನ್ನು ಕಂಡಾಗ ಸುಮ್ಮನಿರಲಾಗಲಿಲ್ಲ. ಫಾರೂಕ್ ಇದ್ದವ ಪಾರೂಕ್ ಆಗಿದ್ದ. ಒಂದೇ ಹೆಸರು ಶುರುವಿನಲ್ಲಿ ಜಾಕಿರ್, ಕೊನೆಯಲ್ಲಿ ಝಾಕಿರ್. ಕನ್ನಡದಲ್ಲಿ ಅಕ್ಷರದ ಕೆಳಗೆ ಚುಕ್ಕೆ ಇಟ್ಟು ಫ಼, ಜ಼ ಎಂದು ಬರೆಯುವ ಕ್ರಮ ಇದೆ. ಚುಕ್ಕೆ ಬೇಕೋ ಬೇಡವೋ ಎಂಬುದು ಆ ಹೆಸರಿನವನ ಇಷ್ಟ, ಆದರೆ ಒಂದು ಚಿತ್ರದಲ್ಲಿ ಒಂದೇ ಕ್ರಮ ಇರಬೇಕು.

ಕನ್ನಡದಿಂದ ಉರ್ದುವಿಗೆ ತರುವಾಗ ಇನ್ನೂ ಕಷ್ಟ. ಕನ್ನಡದ ಒಂದು ಜಕ್ಕೆ ಉರ್ದುವಿನಲ್ಲಿ ಝಾಲ್, ಝೇ, ಝ್ವಾದ್, ಝೋಯ್ ಎಂದು ನಾಲ್ಕು ಅಕ್ಷರ ಇರಬಹುದು. ಊಹಿಸಿ ಬರೆದರೆ ತಪ್ಪು. ಅದಕ್ಕೆ ಒಂದು ಕಾಗದ ಮಾಡಿ, ಪ್ರತಿಯೊಬ್ಬರಿಂದಲೂ ಅವರವರ ಕೈಯಲ್ಲೇ ಬರೆಸಿ ಸಹಿ ಹಾಕಿಸಿದೆ. ಹೆಸರು, ಊರು, ಮಾಡಿದ ಕೆಲಸ. ಕಿರುಚಿತ್ರ ಮಾಡುವ ಎಲ್ಲ ಮಕ್ಕಳಿಗೂ ಇದನ್ನು ಹೇಳುತ್ತೇನೆ: ಶೂಟಿಂಗಿನ ಮೊದಲ ದಿನವೇ ಈ ಕಾಗದ ಮಾಡಿ. ಕೊನೆಯ ದಿನ ನೆನಪಿನಿಂದ ಬರೆದರೆ ಒಬ್ಬರಾದರೂ ಬಿಟ್ಟುಹೋಗುತ್ತಾರೆ, ಬಿಟ್ಟುಹೋಗುವವರು ಯಾವಾಗಲೂ ಕೆಳಗಿನವರೇ.

ಕಾಗದ ಐದನೆಯವನ ಹತ್ತಿರ ಹೋದಾಗ, "ನನ್ದು ಯಾಕ್ರಿ?" ಎಂದ. ಉಳಿದ ನಾಲ್ವರೂ ಮುಖ ಮುಖ ನೋಡಿಕೊಂಡರು. "ಮಾಮೂನ ಆಟೋ, ಡೀಸೆಲ್ ದುಡ್ಡು ಕೊಟ್ಟೀವಲ್ರಿ" ಎಂದ ಒಬ್ಬ. ಖಣಿಯ ಅಂಚಿನಲ್ಲಿ ರಾತ್ರಿ ಲೈಟ್ ಹಿಡಿದು ನಿಂತಾಗ ಕಾಲು ಜಾರಿದ್ದರೆ ಅದಕ್ಕೂ ಡೀಸೆಲ್ ದುಡ್ಡು ಸಾಕಿತ್ತೇ ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ.

ಇದು ಬರೀ ಮರ್ಯಾದೆಯ ವಿಷಯ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಕೃತಿ ರಚಿಸಿದವನಿಗೆ 'ಇದು ನನ್ನದು' ಎಂದು ಹೇಳಿಕೊಳ್ಳುವ ಹಕ್ಕು ಕೊಡುತ್ತದೆ. ಹಕ್ಕನ್ನು ಬೇರೆಯವರಿಗೆ ಮಾರಿದ ಮೇಲೂ ಅದು ಉಳಿಯುತ್ತದೆ. 2012ರ ತಿದ್ದುಪಡಿಯಲ್ಲಿ ಬಂದ 38-ಬಿ ಕಲಂ ನಟಿಸಿದ, ಹಾಡಿದ ಪ್ರದರ್ಶಕರಿಗೂ ಗುರುತಿಸಿಕೊಳ್ಳುವ ಹಕ್ಕು ಕೊಟ್ಟಿತು. ಅದೇ ತಿದ್ದುಪಡಿ ಇನ್ನೊಂದು ಮಾತೂ ಸೇರಿಸಿದೆ. ಚಿತ್ರದಲ್ಲಿ ಸಣ್ಣದಾಗಿ ಬಂದು ಹೋಗುವವನಿಗೆ, ಉದ್ಯಮದ ರೂಢಿಯಂತೆ ಕ್ರೆಡಿಟ್ಸ್‌ನಲ್ಲಿ ಎಲ್ಲೂ ಹೆಸರು ಹಾಕದೆ ಇದ್ದರೆ, ಒಂದು ಸೀಮಿತ ಉದ್ದೇಶ ಬಿಟ್ಟು ಅವನನ್ನು ಪ್ರದರ್ಶಕ ಎಂದು ಲೆಕ್ಕ ಹಿಡಿಯುವುದಿಲ್ಲ. ಅಂದರೆ ಪರದೆಯ ಕೊನೆಯಲ್ಲಿ ಯಾರೂ ಓದದೆ ಎದ್ದುಹೋಗುವ ಆ ಪಟ್ಟಿಯನ್ನು ಕಾನೂನು ಓದುತ್ತದೆ. ಲೈಟ್ ಹಿಡಿದವನಿಗೆ, ಗಾಡಿ ಓಡಿಸಿದವನಿಗೆ ಈ ಕಲಂಗಳ ಆಸರೆಯೂ ಇಲ್ಲ. ಅವನಿಗಿರುವುದು ಪಟ್ಟಿಯ ಒಂದು ಸಾಲು ಮಾತ್ರ. ನಾಳೆ ಬೇರೆ ಕಡೆ ಕೆಲಸ ಕೇಳಲು ಹೋದರೆ ತೋರಿಸಲು ಇರುವುದೂ ಅದೇ.

ಪಟ್ಟಿ ಮಾಡುವ ಕ್ರಮ

ಕಿರುಚಿತ್ರದ ಶುರುವಿನಲ್ಲಿ ಟೈಟಲ್ ಸೇರಿ ಮೂವತ್ತು ಸೆಕೆಂಡು ಮೀರದಿದ್ದರೆ ಒಳ್ಳೆಯದು. ನಾವು 25ಕ್ಕೆ ನಿಲ್ಲಿಸಿದೆವು. ಒಂದು ಕಾರ್ಡಿನಲ್ಲಿ ಒಂದೇ ಹೆಸರು, ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು. ರೂಢಿಯಂತೆ ಶುರುವಿನಲ್ಲಿ ನಿರ್ದೇಶಕನ ಹೆಸರು ಎಲ್ಲರಿಗಿಂತ ಕೊನೆಗೆ. ಹೆಸರುಗಳೆಲ್ಲ ಚಿತ್ರದ ಕೊನೆಗೆ ಬರುವುದಾದರೆ ಅವನದ್ದು ಮೊದಲು.

ಕೊನೆಯ ಪಟ್ಟಿ ಉರುಳುವಾಗ ಅಕ್ಷರ ನಡುಗುವುದನ್ನು ನೀವು ನೋಡಿರಬಹುದು. ಪ್ರತಿ ಚಿತ್ರಕ್ಕೆ ಸರಿಯಾಗಿ ಪೂರ್ಣಸಂಖ್ಯೆಯ ಪಿಕ್ಸೆಲ್ ಸರಿದರೆ ನಡುಕ ನಿಲ್ಲುತ್ತದೆ. ನಾಲ್ಕು ಪಿಕ್ಸೆಲ್ ಇಟ್ಟರೆ ಸೆಕೆಂಡಿಗೆ 25ರ ಲೆಕ್ಕದಲ್ಲಿ ನೂರು ಪಿಕ್ಸೆಲ್. 1080 ಪಿಕ್ಸೆಲ್ ಎತ್ತರದ ಪರದೆಯಲ್ಲಿ ಒಂದು ಹೆಸರು ಕೆಳಗಿನಿಂದ ಮೇಲಕ್ಕೆ ಹೋಗಲು ಹೆಚ್ಚುಕಡಿಮೆ ಹನ್ನೊಂದು ಸೆಕೆಂಡು. ಓದಲು ಸಾಕಷ್ಟು ಹೊತ್ತು.

'ಈ ಕತೆ ಕಾಲ್ಪನಿಕ' ಎಂಬ ಕಾರ್ಡ್ ಬೇಕೇ ಎಂದು ಕೇಳಿದರು. ಅದಕ್ಕೂ ಒಂದು ಹಿನ್ನೆಲೆ ಇದೆ. 1932ರಲ್ಲಿ ರಾಸ್ಪುಟಿನ್ ಬಗ್ಗೆ ಎಂಜಿಎಂ ತೆಗೆದ ಚಿತ್ರದ ಒಂದು ಪಾತ್ರ ತನ್ನದೇ ಎಂದು ರಷ್ಯದ ರಾಜಮನೆತನದ ಐರಿನಾ ಯುಸುಪೋವ್ ಲಂಡನ್ನಿನಲ್ಲಿ ದಾವೆ ಹೂಡಿ 1934ರಲ್ಲಿ ಗೆದ್ದರು. ಆಮೇಲೆ ಈ ಕಾರ್ಡ್ ಎಲ್ಲ ಕಡೆ ಹಬ್ಬಿತು. ಆದರೆ ಕಾರ್ಡ್ ಹಾಕಿದರೆ ಎಲ್ಲ ಮುಗಿಯಿತು ಅಂತಲ್ಲ. 'ಪತ್ತೆ'ಯ ಪಾರ್ಸೆಲಿನ ಮೇಲೆ ಯಾರದೋ ನಿಜವಾದ ಮನೆ ನಂಬರ್, ಫೋನ್ ನಂಬರ್ ಇತ್ತು. ಅದನ್ನು ಮಸುಕು ಮಾಡಿಸಿದೆವು. ಎಲ್ಲಿಂದಲೋ ಎತ್ತಿದ ಹಿನ್ನೆಲೆ ಸಂಗೀತವನ್ನೂ ತೆಗೆದುಹಾಕಿದರು.

ಚಿತ್ರವನ್ನು ಶಹಾಬಾದಿನ ಒಂದು ಮನೆಯ ತಾರಸಿಯಲ್ಲಿ, ಬಾಡಿಗೆ ಪ್ರೊಜೆಕ್ಟರಿನಲ್ಲಿ, ಬಿಳಿ ಗೋಡೆಗೆ ತೋರಿಸಿದರು. ನಾನು ಟೈಟಲ್ ನೋಡಿ ಹೋಗುತ್ತೇನೆ ಎಂದು ಹೋದವ ಕೊನೆಯವರೆಗೆ ಕೂತೆ. ಆಟೋದ ಹುಡುಗನ ತಂದೆಯೂ ಬಂದಿದ್ದರು, ಕೆಲಸದ ಬಟ್ಟೆಯಲ್ಲೇ, ಕೂದಲಲ್ಲಿ ಕಲ್ಲಿನ ಧೂಳು. ಅವರು ಉರ್ದು ಶಾಲೆಯಲ್ಲಿ ನಾಲ್ಕನೆಯ ತರಗತಿವರೆಗೆ ಓದಿದವರು. ಕನ್ನಡ, ಇಂಗ್ಲಿಷ್ ಓದಲು ಬರುವುದಿಲ್ಲ.

ಚಿತ್ರ ಮುಗಿಯಿತು. ಎಲ್ಲರೂ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಗೋಡೆಯ ಮೇಲೆ ಹೆಸರುಗಳು ಉರುಳತೊಡಗಿದವು, ಎಡಗಡೆ ಕನ್ನಡ, ಬಲಗಡೆ ಉರ್ದು. ಬೆಳಕು ಮತ್ತು ವಾಹನ ಎಂಬ ಸಾಲು ಬಂತು. ಆ ಮನುಷ್ಯ ಬೆರಳು ಎತ್ತಿ ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಯುವಷ್ಟರಲ್ಲಿ ಅದು ಮೇಲೆ ಹೋಗಿತ್ತು.

"ಬೇಟಾ, ಜರಾ ಹಿಂದ ತಗೋ," ಎಂದರು ಲ್ಯಾಪ್‌ಟಾಪಿನ ಮುಂದಿದ್ದ ಸೇಡಂ ಹುಡುಗನಿಗೆ.

ಅವ ಹಿಂದೆ ತಂದು ನಿಲ್ಲಿಸಿದ. ಚಪ್ಪಲಿ ಹಾಕಿಕೊಂಡಿದ್ದವರೂ ನಿಂತರು.